ಮೂವತ್ತು ಸಲ

ಶನಿವಾರ ಬೆಳಿಗ್ಗೆ ಮಂಡ್ಯದಿಂದ ಪ್ಯಾಸೆಂಜರ್ ಗಾಡಿ.
ತೊಡೆಯ ಮೇಲೆ ನೋಟ್ಸು, ಚೀಲದಲ್ಲಿ ಚಪಾತಿ ಡಬ್ಬಿ.
ಹದಿನೆಂಟು ವರ್ಷ ಆಸ್ಪತ್ರೆಯಲ್ಲಿ ಡಯಟ್ ಚಾರ್ಟು ಬರೆದ ಮೇಲೆ
ಮತ್ತೆ ಬೆಂಚು, ಮತ್ತೆ ಹಾಜರಿ,
ಹೆಸರು ಕೂಗಿದರೆ ತಾನಾಗಿ ಎದ್ದು ನಿಲ್ಲುವ ಮೊಣಕಾಲು.

ಪಾಂಡವಪುರದ ಹತ್ತಿರ ಕಿಟಕಿಗೆ ಬೆಲ್ಲ ಕಾಯುವ ವಾಸನೆ.
ನಾನು ಬಾಯಿಪಾಠ ಮಾಡುತ್ತಿದ್ದೆ:
ಮೊದಲು ತಿಳಿನೀರು, ಆಮೇಲೆ ಗಂಜಿ,
ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು.
ಕೂಸಿಗೆ ಕೊಡುವ ಕ್ರಮವೇ,
ಹೊಟ್ಟೆ ಕತ್ತರಿಸಿಕೊಂಡ ಐವತ್ತರ ಗಂಡಸಿಗೂ.

ಮೈಸೂರಿನ ತರಗತಿಯಲ್ಲಿ ಮೊದಲ ದಿನ
ಫಿಸಿಯೋ ಬೋಪಯ್ಯ ಮರಳು ತುಂಬಿದ ಅಂಗಿ ತಂದರು.
ಇಪ್ಪತ್ತೈದು ಕಿಲೋ. ‘ತೊಟ್ಟುಕೊಂಡು ಚಪ್ಪಲಿ ಬಕಲ್ ಹಾಕಿ ನೋಡೋಣ.’
ಮಂಡಿ ಮೊಹಲ್ಲಾದ ನರ್ಸ್ ನಜ್ಮುನ್ನೀಸಾ ನಗುತ್ತಲೇ ಕೂತಳು,
ಏಳುವಾಗ ಕೈಯಿರುವ ಕುರ್ಚಿಯೂ ಜೊತೆಗೇ ಎದ್ದಿತು.
ನಕ್ಕೆವು.
ಅವಳು ಮಾತ್ರ ಅಂಗಿ ಬಿಚ್ಚದೆ ಮೆಲ್ಲಗೆ ಅಂದಳು:
‘ನಮ್ಮ ಒಪಿಡಿಯಲ್ಲಿ ಇಂಥವೇ ಹನ್ನೆರಡು ಕುರ್ಚಿ ಇವೆ.’

ಇನ್ನೊಂದು ದಿನ ಕೆಮ್ಮಿನ ಔಷಧಿಯ ಲೋಟದಲ್ಲಿ ನೀರು.
ಕಾಲು ಗಂಟೆ ಕುಡಿಯಬೇಕು, ಗುಟುಕಲ್ಲ, ತೊಟ್ಟು.
ಮೂರನೇ ನಿಮಿಷಕ್ಕೆ ನನ್ನದು ಖಾಲಿ;
ಉಳಿದ ಹನ್ನೆರಡು ನಿಮಿಷ
ಬೇರೆಯವರ ಗಂಟಲು ನೋಡುತ್ತ ಕೂತೆ.

ಆರನೇ ಶನಿವಾರ ಅವರು ಬಂದರು.
ಕೆರಗೋಡಿನ ಸಣ್ಣತಾಯಮ್ಮ, ಆಪರೇಷನ್ ಆಗಿ ಎಂಟು ತಿಂಗಳು,
ರವಿಕೆಯ ತೋಳಿಗೆ ಮೂರು ಸಲ ಹೊಲಿಗೆ ಹಿಡಿಸಿದ ಗುರುತು.
ಪರದೆಯ ಮೇಲೆ: ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು.
‘ಮುದ್ದೇನೂವಾ?’

ಮಂಡ್ಯ ಕಡೆಯವರೆಲ್ಲ ಗೊಳ್ಳೆಂದರು. ಅವರು ನಗಲಿಲ್ಲ.
‘ಮುದ್ದೆ ಅಗುದ್ರೆ ನಮ್ಮವ್ವ ಬೆನ್ನಿಗೆ ಗುದ್ದೋಳು ಕಣವ್ವ.
ಅಗೀಬಾರ್ದು, ನುಂಗ್ಬೇಕು.
ಐವತ್ತೊಂದು ವರ್ಸ ನುಂಗಿವ್ನಿ,
ಈಗ ಹಲ್ಲಿಗೆ ಏನಂತ ಯೋಳ್ಲಿ?’

ಡಾಕ್ಟರ್ ಗುಂಡಿ ಒತ್ತಿದರು. ಚಿತ್ರ ಬದಲಾಗಲಿಲ್ಲ.

‘ಒಂದಿನ ತಡೀನಾರ್ದೆ ಒಂದು ತುತ್ತು ನುಂಗ್ಬುಟ್ಟೆ.
ಎದೆಗೆ ಕಚ್ಕೊಂತು. ಒರಳು ಇಡ್ಕೊಂಡು ನಿಂತ್ಕಂಡೆ.
ಫೋನ್ ಮಾಡುದ್ರೆ ಒಬ್ರು ಮೇಡಮ್ಮು,
ಚಾರ್ಟ್ ನೋಡ್ಕೊಳಿ ಅಂದ್ರು.
ಚಾರ್ಟ್‌ನಾಗೆ ಓಟ್ಸು ಅಂತ ಇತ್ತು.’

ಅವರು ನನ್ನ ಕಡೆ ನೋಡಲಿಲ್ಲ,
ಮುಖ ಗೊತ್ತಿಲ್ಲ ಅವರಿಗೆ, ದನಿ ಮಾತ್ರ ಕೇಳಿದ್ದು.
ಆವತ್ತು ಮಧ್ಯಾಹ್ನ ತರಗತಿಯಲ್ಲಿ
ನಾನು ಒಂದೂ ಪ್ರಶ್ನೆ ಕೇಳಲಿಲ್ಲ.

ರಾತ್ರಿ ಮನೆಯಲ್ಲಿ ಮುದ್ದೆ ಕಟ್ಟಿದೆ, ಅವರೆಕಾಳಿನ ಸಾರು.
ಹುಣಸೆ ಬೀಜದಷ್ಟು ಮುರಿದು ಬಾಯಿಗಿಟ್ಟು ಎಣಿಸಿದೆ.
ನಾಲ್ಕಕ್ಕೆ ದವಡೆಗೆ ಅಂಟಿತು, ಆರಕ್ಕೆ ನಾಲಿಗೆ ಹಟ ಹಿಡಿಯಿತು,
ಒಂಬತ್ತಕ್ಕೆ ಗಂಟಲು ನನ್ನ ಕೇಳದೆ ಎಳೆದುಕೊಂಡಿತು.
ಮತ್ತೊಂದು ತುತ್ತು. ಹನ್ನೊಂದು.
‘ಏನಮ್ಮ ಮಾಡ್ತಿದ್ದೀಯ’ ಅಂದ ಮಗ.

ಸೋಮವಾರ ಚಾರ್ಟಿನಲ್ಲಿ ಓಟ್ಸಿಗೆ ಗೀಟು ಹಾಕಿ,
ಆ ಜಾಗ ಖಾಲಿ ಬಿಟ್ಟು, ಕೆರಗೋಡಿಗೆ ಫೋನು ಮಾಡಿದೆ.
ಹೆಸರು ಹೇಳಿ, ಜೂನ್ ತಿಂಗಳ ಆ ದನಿ ನನ್ನದೇ ಅಂದೆ.
ಸ್ವಲ್ಪ ಹೊತ್ತು ಬರೀ ಕೋಳಿಯ ಸದ್ದು.
‘ಓಗ್ಲಿ ಬುಡಿ’ ಅಂದರು. ಆಮೇಲೆ:

‘ನಾನು ಅಂಬ್ಲಿ ಕುಡ್ಕೊಂಡಿವ್ನಿ.
ಮನೆಯೋರ್ಗೆ ಮುದ್ದೆ ತಿರುವಿ ಇಕ್ತೀನಿ.
ಕೈಗೆ ಮೆತ್ಕೊಂಡಿರ್ತದಲ್ಲ,
ಅದ ನೆಕ್ಕುದ್ರೆ
ಲೆಕ್ಕುಕ್ಕೆ ಬತ್ತದಾ?’