ಮರಳು, ಮರುಳು

ತಸ್ಲೀಮಾಗೆ ಬುದ್ಧಿ ಹೇಳಿದವರಲ್ಲಿ ನಾನೂ ಒಬ್ಬಳು.
ಮಂಡಕ್ಕಿ ಚೀಲದ ಬಾಯಿ ಹೊಲಿಯುತ್ತ,
"ಚಂದ್ರ ಎಲ್ಲಾರಿಗೂ ಬಿಟ್ಟಿ ಕಾಣ್ತಾನಲ್ಲೇ,
ಅದಕ್ಕ್ಯಾಕೆ ಕೈ ಸವೆಸ್ತೀ?" ಅಂದಿದ್ದೆ.

ದಾವಣಗೆರೆಯ ಭಟ್ಟಿ ಸಾಲಿನಲ್ಲಿ ಆಕಾಶ ಅಂದರೆ
ಹೊಟ್ಟಿನ ಹೊಗೆ. ಕೆಳಗೆ ಒಣಹಾಕಿದ ಬಟ್ಟೆ,
ಬಟ್ಟೆಯ ಮೇಲೆ ಮಸಿ.

ಮುಚ್ಚಿದ ಮಿಲ್ಲಿನ ಗುಜರಿಯಲ್ಲಿ ಅವಳಿಗೆ ಸಿಕ್ಕಿದ್ದು
ತಟ್ಟೆಯಗಲದ ದಪ್ಪ ಗಾಜು, ಎರಡು ಬಿಲ್ಲೆ.
ನಡುವೆ ಪುಡಿ, ನೀರು. ಡ್ರಮ್ಮಿನ ಮೇಲಿಟ್ಟು
ತಿಕ್ಕುತ್ತ ತಿಕ್ಕುತ್ತ ಸುತ್ತು ಬರುವಳು.
ಓಣಿ ಹುಡುಗರು 'ಗಾಣದಕ್ಕ' ಅಂತ ಹೆಸರಿಟ್ಟರು.

ಕಾಲೇಜಿನ ಮೇಷ್ಟ್ರು ಹೇಳಿ ಕಳಿಸಿದರು:
"ಕೈಯಲ್ಲಿ ಆಗುವಂಥದ್ದಲ್ಲಮ್ಮ ಇದು,
ಕೂದಲಿನ ಐನೂರನೇ ಪಾಲು ಹೆಚ್ಚುಕಮ್ಮಿಯಾದರೂ ಕೆಟ್ಟಿತು."
ಅವಳು ಅಷ್ಟನ್ನೇ ಚೀಟಿಯಲ್ಲಿ ಬರಕೊಂಡು ಬಂದಳು:
ಕೂದಲು. ಐನೂರನೇ ಪಾಲು.

"ಮರುಳು ಹಿಡಿದದೆ," ಅಂದಳು ಅವರಮ್ಮ.
ನಾನು ನಕ್ಕೆ. ಹಿಡಿದಿದ್ದು ಮರಳೇ ಅಲ್ಲವಾ,
ಉಗುರ ಸಂದಿಯಲ್ಲಿ, ಅನ್ನದಲ್ಲಿ, ದಿಂಬಿನ ಮೇಲೆ.
ಹಗಲಿನದು ಬಾಂಡ್ಲಿಯ ಮರಳು: ಅಕ್ಕಿ ಸುರಿದರೆ
ಕಣ್ಣು ಮಿಟುಕಿಸುವುದರೊಳಗೆ ಅರಳಬೇಕು,
ಇಲ್ಲವಾದರೆ ಮಾಲೀಕನ ಬೈಗುಳ.
ರಾತ್ರಿಯ ಮರಳಿಗೆ ಅವಸರವಿಲ್ಲ.
ಮೇಲಿನ ಗಾಜು ತಗ್ಗಾಗುತ್ತೆ, ಕೆಳಗಿನದು ಉಬ್ಬುತ್ತೆ.
ಯಾಕೆ ಅಂತ ಕೇಳಿದರೆ,
"ತಿಕ್ಕಿದರೆ ಹಾಗೇ ಭಾಭಿ," ಅನ್ನುವಳು.

ಮೊದಲನೇದು ಒಡೆಯಿತು, ರಂಜಾನಿಗೆ ನಾಲ್ಕು ದಿನ ಮುಂಚೆ,
ತೊಳೆಯುವಾಗ.
ಬಿಟ್ಟಳು ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ,
ಒಳಗೊಳಗೇ ಹಗುರಾಯಿತು.
ಹಬ್ಬದ ದಿನ ನೋಡಿದರೆ ಅವಳ ಕಿವಿ ಬೋಳು.
ಮರುವಾರ ಗೋಡೆಯಾಚೆ ಮತ್ತೆ ಕರಕರ.
ಆ ಸದ್ದಿಗೆ ಬೈದುಕೊಳ್ಳುತ್ತಲೇ ನಿದ್ದೆ ಹೋಗುವುದು
ನನಗೆ ಎರಡು ಮಳೆಗಾಲ ರೂಢಿಯಾಯಿತು.

ಶುಕ್ರವಾರ ಭಟ್ಟಿಗೆ ರಜೆ. ಹೊಗೆ ಇಳಿದ ರಾತ್ರಿ
ಮಾಳಿಗೆಗೆ ಕರೆದಳು. ಚರಂಡಿ ಪೈಪು,
ಸೈಕಲ್ಲಿನ ಬೋಲ್ಟು, ಮಾವನ ಮುರುಕು ಸ್ಟೂಲು.
"ಒಂದು ಕಣ್ಣು ಮುಚ್ಚು ಭಾಭಿ. ಪೈಪು ಮುಟ್ಟಬೇಡ."

ಏನು ಕಂಡಿತು ಅಂತ ಈಗ ಎಲ್ಲರೂ ಕೇಳುತ್ತಾರೆ.
ಒಂದು ಮಂಡಕ್ಕಿ ಕಾಳು. ಅದಕ್ಕೊಂದು ಬಳೆ.
ನಡುಗುತ್ತಿತ್ತು.
ನೋಡನೋಡುತ್ತ ಅಂಚಿಗೆ ಜಾರಿತು.

ಆಡಿದ್ದನ್ನು ವಾಪಸು ತಗೊಳ್ಳಲು ಮಾತು ಹುಡುಕಿದೆ,
ಸಿಗಲಿಲ್ಲ.
"ಸ್ವಲ್ಪ ಸರಿಸೇ, ಆ ಕಡೆ ಹೋಯ್ತು," ಅಂದೆ,
ಕಣ್ಣು ತೆಗೆಯದೆ.