ಪೂರ್ತಿ ಕೂರಿಸಬೇಡ

ಈ ನಾರಿನ್ ಊರಿನಲ್ಲಿ ನನ್ನ ಲಾರಿ ಎಲ್ಲೆಲ್ಲಿ ನಿಂತಿತ್ತೆಂದು
ಯಾರೂ ಯಾರನ್ನೂ ಕೇಳಬೇಕಿಲ್ಲ.
ಹಿಮದ ಮೇಲೆ ಕಪ್ಪು ಬೊಟ್ಟುಗಳಿವೆ:
ರೊಟ್ಟಿಯಂಗಡಿಯ ಮುಂದೆ, ಶಾಲೆಯ ಗೇಟಿಗೆ,
ಅಕ್ಕ ಬೂರುಲಳ ಕೊಟ್ಟಿಗೆಯ ಪಕ್ಕ,
ಇನ್ನು ಹೋಗುವುದಿಲ್ಲ ಎಂದು ನಾನೇ ಆಣೆಯಿಟ್ಟ
ಇನ್ನೊಂದು ಬಾಗಿಲಲ್ಲೂ.

ಗಾಡಿಗೆ ನನಗಿಂತ ಎರಡು ವರ್ಷ ಹೆಚ್ಚು.
ಹುಲ್ಲು ಹೊರುತ್ತದೆ, ಕುರಿ ಹೊರುತ್ತದೆ,
ಒಮ್ಮೆ ಒಂದು ಪಿಯಾನೋ ಕೂಡ ಹೊತ್ತಿತ್ತು.
ಈ ಶರತ್ಕಾಲದಿಂದ ಎಣ್ಣೆ ಹಿಡಿದಿಡಲಾರದು.

ಮೊದಲ ಸೀಲು ದೊರ್ದೊಯ್ ಸಂತೆಯದು. ಕೆಂಪಗೆ, ಹೊಸ ಚಪ್ಪಲಿಯ ವಾಸನೆ.
ನಂಬರು ಸರಿ, ಹೊರಗಿನ ಅಳತೆ ಸರಿ,
ಒಳಗೆ ಮಾತ್ರ ಅರ್ಧ ಮಿಲಿಮೀಟರು ಉದಾರಿ.
ಎರಡನೆಯದು ಹಳೆಯ ರಷ್ಯನ್ ಡಬ್ಬಿಯಿಂದ;
ಸೋವಿಯತ್ ಕಾಲದ ರಬ್ಬರು, ಟಗರಿನ ಕೊಂಬಿನಷ್ಟು ಗಟ್ಟಿ.
ಮೂರನೆಯದು ಒಳ್ಳೆಯದೇ ಇತ್ತು.
ಸುತ್ತಿಗೆ ಹಿಡಿದ ನಾನೇ ಒಳ್ಳೆಯವನಿರಲಿಲ್ಲ.
ಸೊಟ್ಟ ಹೋಯಿತು, ತುಟಿ ಮಡಚಿಕೊಂಡಿತು.

ರಾತ್ರಿ ಎಂಜಿನ್ನಿನ ಕೆಳಗೆ ರಟ್ಟು ಹಾಸಿ
ಬೆಳಿಗ್ಗೆ ಹನಿ ಎಣಿಸಿ ಪೆನ್ಸಿಲಿನಲ್ಲಿ ಬರೆದೆ.
ಮಂಗಳವಾರ ಹದಿನಾಲ್ಕು. ಬುಧವಾರ ಹತ್ತೊಂಬತ್ತು.
ಗುರುವಾರ ಎಣಿಸಲಾಗಲಿಲ್ಲ, ಹನಿಗಳೆಲ್ಲ ಸೇರಿ ಕೆರೆಯಾಗಿತ್ತು.

ರಟ್ಟು ನೋಡಿ ಕಾಚ್ಕಿನ್ ಉಸ್ತಾ
ಚಹಾ ಬಟ್ಟಲ ಮೇಲಿಂದಲೇ ನಕ್ಕ:
‘ಲೆಕ್ಕ ಚೆನ್ನಾಗಿ ಇಟ್ಟಿದ್ದೀ. ಸಾಲಗಾರ ಯಾರು ಅಂತ ನೋಡಿದೆಯಾ?’

ನಾನು ತಂದ ನಾಲ್ಕನೆಯ ಸೀಲನ್ನು ಮುಟ್ಟಲೇ ಇಲ್ಲ.
ಪುಲ್ಲಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು
ಅದರ ಕತ್ತನ್ನು ಸೀಮೆಎಣ್ಣೆಯಲ್ಲಿ ತೊಳೆದ,
ಅಂಗಿಯ ತುದಿಯಿಂದ ಒರೆಸಿದ,
ಕಣ್ಣು ಮುಚ್ಚಿ ಹೆಬ್ಬೆರಳ ಉಗುರು ಹರಿಸಿದ.
ಆಮೇಲೆ ನನ್ನ ಕೈ ಹಿಡಿದು ನನ್ನ ಉಗುರನ್ನೂ.

ಸಿಕ್ಕಿಕೊಂಡಿತು.

ಕಣ್ಣಿಗೆ ಕಾಣದ ಒಂದು ಗೀರು,
ಕೊರಳಪಟ್ಟಿ ತಿಂದ ಕುದುರೆಯ ಕತ್ತಿನ ಹಾಗೆ.
ಅಷ್ಟು ಮೆತ್ತನೆಯ ರಬ್ಬರಿನ ತುಟಿ
ಇಷ್ಟು ಉಕ್ಕನ್ನು ಸವೆಸಿತ್ತು,
ಒಂದೇ ಜಾಗದಲ್ಲಿ, ಒಂದೇ ಮಾತು ಆಡುತ್ತ, ನಲವತ್ತು ಚಳಿಗಾಲ.

‘ನಿನ್ನ ಸೀಲುಗಳೆಲ್ಲ ನಂಬರಿಗೆ ಸರಿ ಇದ್ದವು,’ ಅಂದ.
‘ಗಾಡಿ ಆ ನಂಬರು ಬಿಟ್ಟು ಎಷ್ಟು ದೂರ ಬಂದಿದೆಯೋ ಮಾರಾಯ.’

ಹೊಸದನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿದ.
ಅದರೊಳಗಿನ ಕೂದಲಿನಂಥ ಸ್ಪ್ರಿಂಗನ್ನು ಬಿಚ್ಚಿ
ಎರಡು ಸುರುಳಿ ಕತ್ತರಿಸಿ ಮತ್ತೆ ಹೆಣೆದ;
ಆ ದಪ್ಪ ಬೆರಳುಗಳಿಗೆ ಅದು ಹೇಗೆ ಸಾಧ್ಯವಾಯಿತೋ ಕಾಣೆ.
ನೀರಿನ ಪೈಪಿನ ತುಂಡೊಂದನ್ನು ಮೇಲಿಟ್ಟು
ನನಗೆ ಸುತ್ತಿಗೆ ಕೊಟ್ಟ. ಮರದ್ದು.
ತಟ್ಟು, ಅಂದ. ತಿರುಗಿಸು. ತಟ್ಟು.
ನಾನು ಹಲ್ಲು ಕಚ್ಚಿ ಕೊನೆಯ ಏಟಿಗೆ ಕೈ ಎತ್ತಿದಾಗ
ಮಣಿಕಟ್ಟು ಹಿಡಿದ.

‘ಪೂರ್ತಿ ಕೂರಿಸಬೇಡ.
ಎರಡು ಮಿಲಿಮೀಟರು ಬಿಡು.
ಗೀರಿನ ಪಕ್ಕದಲ್ಲೇ
ಯಾರೂ ಮುಟ್ಟದ ಉಕ್ಕು ಇದೆ,
ಕಾರ್ಖಾನೆಯಿಂದ ಬಂದ ದಿನದ ಹೊಳಪು ಇನ್ನೂ ಆರಿಲ್ಲ.
ತುಟಿ ಅಲ್ಲಿ ಕೂರಲಿ.’

ಗ್ಯಾರಂಟಿ ಕೇಳಿದೆ.
ಹೊರಗೆ ಬಂದು ಬೆಟ್ಟದ ಕಡೆ ನೋಡಿ ಉಗುಳಿದ:
‘ಅಲ್ಲೂ ಸವೆಯುತ್ತೆ. ಆಗ ಬಾ.
ಆಚೆ ಇನ್ನೊಂದು ಮಿಲಿಮೀಟರು ಉಳಿದಿರುತ್ತೆ.
ಅದೂ ಮುಗಿದರೆ ಉಕ್ಕಿನ ತೋಳು ತೊಡಿಸೋಣ,
ಅಷ್ಟರಲ್ಲಿ ನಾನು ಮುಗಿದಿರದಿದ್ದರೆ.’
ದುಡ್ಡಿನ ಬದಲು ಎರಡು ಹೊರೆ ಹುಲ್ಲು ಸಾಕೆಂದ, ಒಣಗಿದ್ದು.

ಈ ಬೆಳಿಗ್ಗೆ ಮೈನಸ್ ಇಪ್ಪತ್ತಾರು.
ರಟ್ಟು ಎಳೆದು ನೋಡಿದೆ.
ಖಾಲಿ.
ಪೆನ್ಸಿಲು ಕಿವಿಯ ಮೇಲಿತ್ತು; ಏನು ಬರೆಯಲಿ?
ಅಭ್ಯಾಸಬಲ, ‘ಶುಕ್ರವಾರ’ ಎಂದಷ್ಟೇ ಬರೆದೆ.

ಎಂಜಿನ್ನು ಹತ್ತು ನಿಮಿಷ ಓಡಿತು, ಬೆಚ್ಚಗಾಯಿತು,
ಟಪ್ ಎಂದು ಒಂದು ಹನಿ.
ಎದೆ ಜಗ್ಗಿತು. ಮಂಡಿಯೂರಿ,
ಬೆರಳಿಗೆ ಹಚ್ಚಿ, ಮೂಸಿ, ನಾಲಿಗೆಗೆ ಮುಟ್ಟಿಸಿದೆ:

ಮಡ್‌ಗಾರ್ಡಿನ ಹಿಮ ಕರಗುತ್ತಿತ್ತು.