ಕಳೆಯುವ ಲೆಕ್ಕ

ಪಾಠಯೋಜನೆಯ ಪುಸ್ತಕ ಮಸೇರುವಿನಿಂದ
ಕುದುರೆಯ ಬೆನ್ನ ಮೇಲೆ ಬಂದದ್ದು.
ಒಂದು ಮೂಲೆಗೆ ಬೆವರಿನ ಕಲೆ.
ವಿಷಯ: ಕಳೆಯುವ ಲೆಕ್ಕ. ಅವಧಿ: ನಲವತ್ತು ನಿಮಿಷ.
ತರಗತಿ ಎಂಬಲ್ಲಿ ರಾತ್ರಿ ಶಾಲೆ ಎಂದು ಬರೆದೆ.
ವಯಸ್ಸು ಎಂಬಲ್ಲಿ ಒಂಬತ್ತರಿಂದ ಹತ್ತೊಂಬತ್ತು.
ಪೂರ್ವಜ್ಞಾನ ಎಂಬ ಅಂಕಣದ ಮುಂದೆ ಪೆನ್ನು
ಒಂದು ಗಳಿಗೆ ತಡೆಯಿತು,
ಆಮೇಲೆ 'ಇಲ್ಲ' ಎಂದು ಬರೆದು ಮುಂದೆ ಹೋಯಿತು.

ಜುಲೈ ತಿಂಗಳ ಚಳಿ. ಮಲೋಟಿ ಬೆಟ್ಟಕ್ಕೆ ಹಿಮ ಬಿದ್ದಿದೆ.
ಕುರಿಗಳನ್ನು ಕಲ್ಲುದೊಡ್ಡಿಗೆ ಹೊಡೆದು
ಅಗುಳಿ ಹಾಕಿದ ಮೇಲೆಯೇ ಹುಡುಗರು ಬರುವುದು,
ಮಂಡಿ ಮುಟ್ಟುವ ಗಂಬೂಟು, ಹೊದ್ದ ಕಂಬಳಿ,
ಬಾಗಿಲ ಹೊರಗೆ ಸಾಲಾಗಿ ಒರಗಿಸಿದ ಕೋಲುಗಳು,
ಒಳಗೆ ಬಾರದೆ ಹೊಸ್ತಿಲಲ್ಲೇ ಮಲಗುವ ನಾಯಿಗಳು.
ಚರ್ಚಿನ ಹಿಂಬದಿಯ ಕೋಣೆ. ಒಂದು ಸೀಮೆಎಣ್ಣೆ ದೀಪ,
ಅದರ ಎಣ್ಣೆಯೇ ನನ್ನ ಗಡಿಯಾರ.

ತರಬೇತಿಯಲ್ಲಿ ಹೇಳಿದ್ದರು:
ಮಕ್ಕಳ ಬದುಕಿನಿಂದಲೇ ಉದಾಹರಣೆ ಎತ್ತಿಕೊಳ್ಳಿ.
ಎತ್ತಿಕೊಂಡಿದ್ದೆ. ಬೀಗಿಯೂ ಇದ್ದೆ ಸ್ವಲ್ಪ.
ಬೋರ್ಡಿನ ಮೇಲೆ ದುಂಡಗೆ ಬರೆದೆ:
ಕುರಿಗಾಹಿಯ ಬಳಿ ನಲವತ್ತಮೂರು ಕುರಿ.
ಏಳು ಕಳೆದುಹೋದವು. ಉಳಿದದ್ದೆಷ್ಟು?

ಯಾರೂ ಸ್ಲೇಟು ಮುಟ್ಟಲಿಲ್ಲ.
ಮೊಖೆಲೆ ಕೈಯೆತ್ತಿದ: "ಯಾವ ಏಳು, ಮೇ?"
ಯಾವುದಾದರೂ ಸರಿ, ಅಂದೆ.
"ಯಾವುದಾದರೂ ಎಂಬ ಕುರಿ ಇರುವುದಿಲ್ಲವಲ್ಲ" ಅಂದ,
ತಪ್ಪು ತಿದ್ದುವ ದನಿಯಲ್ಲಲ್ಲ, ನನಗಾಗಿ ಕನಿಕರಪಟ್ಟು.
"ಕಳ್ಳರು ಹೊಡೆದುಕೊಂಡು ಹೋದರಾ? ಮಂಜಾ?"
"ಏಳೂ ಒಂದೇ ದಿನವಾ?"
"ನಾಯಿ ಎಲ್ಲಿತ್ತು?"
ಗೋಡೆಯ ಪಕ್ಕದಿಂದ ಲೆಕೆನಾ ಎದ್ದ,
ಕಂಬಳಿಯ ಪಿನ್ನು ಸರಿಮಾಡಿಕೊಂಡ,
ಕೋಲುಗಳಲ್ಲಿ ತನ್ನದನ್ನು ಕತ್ತಲಲ್ಲೇ ತಡವಿ ಹೊರಟುಹೋದ.
ಅವನ ಹಿಂಡಿನಲ್ಲಿ ಮೊನ್ನೆಯಿಂದ ಒಂದು ಇಲ್ಲವಂತೆ.
ಸಿಗದಿದ್ದರೆ ವರ್ಷದ ಕೂಲಿಯಲ್ಲಿ ಧಣಿ ಮುರಿದುಕೊಳ್ಳುತ್ತಾನಂತೆ.
ಎಲ್ಲರಿಗೂ ಗೊತ್ತಿತ್ತು. ಯೋಜನೆಯಲ್ಲಿ ಇರಲಿಲ್ಲ.

ಆ ರಾತ್ರಿ ಹಾಳೆಗೆ ಅಡ್ಡಗೀಟು ಹಾಕಿ
ಬರಿಗೈ ನೋಡುತ್ತ ಕೂತೆ.
ನಮ್ಮ ಸೆಸೊಥೊದಲ್ಲಿ ಎಂಟಕ್ಕೆ ರೊಬೆಲಿ:
ಎರಡು ಬೆರಳು ಮಡಿಸು ಎಂದರ್ಥ.
ಒಂಬತ್ತು ರೊಬೊಂಗ್: ಒಂದನ್ನು ಮಡಿಸು.
ಯಾವ ಕಾಲದ ಯಾವ ಅಜ್ಜಿಯೋ
ಹತ್ತು ಬೆರಳನ್ನು ಬೆಂಕಿಗೊಡ್ಡಿ ಕೂತು
ಕಳೆದು ಕಳೆದು ಇಟ್ಟ ಹೆಸರು.
ಹುಟ್ಟಿದಾಗಿನಿಂದ ನಾಲಿಗೆಯ ಮೇಲಿದ್ದದ್ದು
ಅವತ್ತು ಕೈಗೆ ಬಂತು.

ಮರುದಿನ ಸಾಮಗ್ರಿ ಎಂಬಲ್ಲಿ ಬರೆದೆ: ಬೆರಳು.
ಮಡಿಸಿದರು, ಬಿಡಿಸಿದರು.
ಮಡಿಸಿದ ಬೆರಳು ಎಲ್ಲಿಗೂ ಹೋಗುವುದಿಲ್ಲ,
ಅಂಗೈಯೊಳಗೇ ಬೆಚ್ಚಗಿರುತ್ತದೆ ಎಂದು ಚಿಕ್ಕವನೊಬ್ಬ ನಕ್ಕ.
ಹತ್ತು ಸಾಲದಾದಾಗ ಪಕ್ಕದವನ ಕೈ ಸಾಲ ತಂದರು.
ಎರಡು ವಾರ ಬಿಟ್ಟು ಹೇಳಬೇಕೆಂದಿದ್ದ ಪಾಠ ಅದು,
ದಶಕದ ಸಾಲ, ನಾನು ಬಾಯಿಬಿಡುವ ಮೊದಲೇ ಆಗಿಹೋಯಿತು.
ಎಣ್ಣೆ ತೀರಿತು. ಕತ್ತಲಲ್ಲೂ ಗಟ್ಟಿಯಾಗಿ ಕಳೆಯುತ್ತಿದ್ದರು.

ಲೆಕೆನಾ ಬಂದದ್ದು ಮೂರನೆಯ ರಾತ್ರಿ.
ಕಂಬಳಿಯ ಮಡಿಕೆಯಿಂದ ಒಂದು ಕಿವಿ ತೆಗೆದು ತೋರಿಸಿದ,
ಧಣಿಯ ಗುರುತಿನ ಕಚ್ಚು ಇದ್ದ ಕುರಿಯ ಕಿವಿ.
ಕಳವಲ್ಲ, ಹಿಮದಲ್ಲಿ ಸತ್ತದ್ದು ಎನ್ನುವುದಕ್ಕೆ ಸಾಕ್ಷಿ.
ಮತ್ತೆ ಮಡಿಸಿಟ್ಟುಕೊಂಡು ಸ್ಲೇಟು ಕೇಳಿದ.
ಅರವತ್ತೊಂದು ಬರೆದ. ಒಂದು ಕಳೆದ.
ಬಹಳ ಹೊತ್ತು ಉತ್ತರ ಬರೆಯಲಿಲ್ಲ.
ನಾನೂ ಅವಸರಿಸಲಿಲ್ಲ.

ಇನ್ಸ್‌ಪೆಕ್ಟರ್ ಫಾಕಿಸಿ ಆಗಸ್ಟಿನಲ್ಲಿ ಬರುತ್ತಾರೆ,
ಅಂಕಣ ಅಂಕಣಕ್ಕೂ ಬೆರಳಿಟ್ಟು ನೋಡುವ ಮನುಷ್ಯ.
ಪೂರ್ವಜ್ಞಾನದ ಎದುರಿನ 'ಇಲ್ಲ' ಹೊಡೆದುಹಾಕಿದ್ದೇನೆ.
ಅಲ್ಲಿರುವ ಜಾಗ ಒಂದೂವರೆ ಇಂಚು.
ಮೊಖೆಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು
ಅವನ ಕುರಿಗಳನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ:
ಕುಂಟಿ, ಬಿಳಿಮೂಗು, ಆಲಿಕಲ್ಲಿನ ದಿನ ಹುಟ್ಟಿದ್ದು,
ತಾಯಿ ಒಲ್ಲದ್ದು, ನಾಯಿಗೇ ಹಾಯುವುದು...
ಹದಿನಾರರವರೆಗೆ ಬಂದಿದ್ದೇವೆ.